ಹೂವಿ ಮತ್ತು ಒಳಮಾತು ತಿನ್ನೋ ಮೃಗ

ತುಂಬಾ ಹಿಂದೆ, ನವಿಲುಗಳು ಅಂಗಳಕ್ಕೇ ಬಂದು ನುಚ್ಚಕ್ಕಿ ಕೇಳಿ ತಿಂದು ಹೋಗ್ತಿದ್ದ ಕಾಲದಲ್ಲಿ, ಬೆಳ್ಮುಗಿಲು ಅಂತ ಒಂದು ರಾಜ್ಯ ಇತ್ತು. ಅಲ್ಲಿ ಮೊರ ಹೆಣೆಯೋ ಕೆಂಪಜ್ಜಿ, ಅವಳ ಮೊಮ್ಮಗಳು ಹೂವಿ ಇದ್ರು. ಅಜ್ಜಿ ಬಿದಿರು ಸೀಳ್ತಾ ಕತೆ ಹೇಳೋಳು. ಬೀದಿಯವರೆಲ್ಲ ಬಂದು ಜಗಲಿ ಮೇಲೆ ಕೂರೋರು. ಆ ಹಸಿಬಿದಿರಿನ ವಾಸನೆ, ಆ ಬೊಚ್ಚುಬಾಯಿ ನಗು... ಎಂಥ ಸಂಜೆಗಳು ಅವು! ‘ನಾನು ದಡ್ಡ, ನಂಗೇನೂ ಬರಲ್ಲ’ ಅಂತ ಒಳಗೊಳಗೇ ಕೊರಗೋರೂ ಕೊರಗು ಮರೆತುಬಿಡ್ತಿದ್ರು.

ತೊಂದರೆ ಆಗಿದ್ದೇ ಅದರಿಂದ. ಊರಾಚೆ ಕಲ್ಲುಕೋಟೆಯಲ್ಲಿ ಬೂದಿಗಣ್ಣ ಅನ್ನೋ ಮಾಂತ್ರಿಕ ಇದ್ದ. ಅವನ ಪ್ರಾಣ ಅವನು ಸಾಕಿದ ಮೃಗದಲ್ಲಿತ್ತು. ಜನ ತಮ್ಮನ್ನ ತಾವೇ ಬೈಕೊಳ್ಳೋ ಒಳಮಾತೇ ಆ ಮೃಗದ ಊಟ. ಅಜ್ಜಿ ಕತೆಯಿಂದ ಅದು ಉಪವಾಸ ಬಿತ್ತು. ಬೂದಿಗಣ್ಣ ಸಿಟ್ಟಲ್ಲಿ ಅಜ್ಜಿನ ಗೊರವಂಕ ಹಕ್ಕಿ ಮಾಡಿ ಪಂಜರಕ್ಕೆ ಹಾಕಿದ. ಹುಣ್ಣಿಮೆ ದಿನ ಸೂರ್ಯ ಮುಳುಗೋದರೊಳಗೆ ಮನೆಯವರು ಬಂದು ಪಂಜರ ಮುಟ್ಟದಿದ್ರೆ ಅವಳು ಹಕ್ಕಿಯಾಗೇ ಉಳೀತಾಳೆ.

ಮನೆಯವರು ಅಂದ್ರೆ ಹೂವಿ ಒಬ್ಬಳೇ. ಅವಳೋ, ಕರು ಎದುರು ಬಂದ್ರೂ ಬದಿಗೆ ಸರಿದು ನಿಲ್ಲೋಳು.

ಚಿಕ್ಕಂದಿನಲ್ಲಿ ಅದೇ ಜಗಲಿ ಮೇಲೆ ಕತೆ ಕೇಳಿದ್ದ ಯುವರಾಜ ಮಕರಂದ ಜೊತೆಗೆ ಬಂದ. ಹುಣ್ಣಿಮೆ ಸಂಜೆ ಕೋಟೆ ಬಾಗಿಲಲ್ಲಿ ನರಿಯಷ್ಟೇ ಇದ್ದ ಮೃಗ ಕೇಳ್ತು, “ಯಾರು ನೀನು?”

“ನಾನು ಧೀರ! ನಾನು ಶೂರ! ಗೆದ್ದೇ ಗೆಲ್ತೀನಿ!” ಅಂದ ಮಕರಂದ. ಮೃಗ ಮೂಸಿ ನೋಡ್ತು. ತಿನ್ನೋಕೆ ಏನೂ ಸಿಗಲಿಲ್ಲ. ದಾರಿ ಬಿಡ್ತು.

“ನೋಡಿದ್ಯಾ? ನೀನೂ ಹಿಂಗೇ ಹೇಳು. ದಿನಾ ಕನ್ನಡಿ ಮುಂದೆ ನಾನು ಇದನ್ನೇ ಹೇಳ್ಕೊಳ್ಳೋದು.”

“ಅದು ಅರಮನೆ ಕನ್ನಡಿ, ಬುದ್ಧಿ. ನಮ್ಮನೇದು ನನ್ನ ಮೂಗೇ ಸರಿಯಾಗಿ ತೋರಿಸಲ್ಲ,” ಅಂದ್ಲು ಹೂವಿ. ಆದ್ರೂ ಹೇಳಿದ್ಲು, “ನಾನು ಧೀರೆ...”

‘ಕರುವಿಗೆ ಹೆದರೋಳು!’ ಅಂತು ಒಳಗಿನ ದನಿ. ಮೃಗ ಅದನ್ನ ಗಬಕ್ಕನೆ ನುಂಗಿ ಎತ್ತಿನಷ್ಟಾಯ್ತು.

ಎರಡನೇ ಸಲ ಕಣ್ಮುಚ್ಚಿ ಕೂಗಿದ್ಲು, “ನಾನು ಶೂರೆ!”

‘ಥೂ, ಸುಳ್ಳಿ!’ ಅಂತು ಒಳಗಿನ ದನಿ. ಮೃಗ ಆನೆಯಷ್ಟಾಯ್ತು. ಸೂರ್ಯ ಕೋಟೆಗೋಡೆಗೆ ಇಳಿದಿದ್ದ.

“ಇನ್ನೂ ಜೋರಾಗಿ ಹೇಳೇ!”

“ಸುಮ್ನಿರಿ ಬುದ್ಧಿ! ಹೇಳಿದಷ್ಟೂ ಬೆಳೀತಿದೆ ಅದು!”

ಮೂರನೇ ಸಲ ಮೃಗ ಗುಡುಗಿತು, “ಯಾರು ನೀನು?”

ಹೂವಿಗೆ ಅಳು ಬಂತು. “ನಾನು ಹೂವಿ. ಹೆದರಿಕೆ ಆಗ್ತಿದೆ. ಧೈರ್ಯ ಇದೆಯೋ ಇಲ್ವೋ ಗೊತ್ತಿಲ್ಲ.”

ಮೃಗ ಬಾಯಿ ತೆರೆದು ಕಾಯ್ತು. ಒಳಗಿನ ದನಿ ಮಾತಾಡಲಿಲ್ಲ. ಹೂವಿ ಹೇಳಿದ್ದೆಲ್ಲ ನಿಜವೇ, ಅಲ್ಲ ಅನ್ನೋಕೆ ಅದಕ್ಕೇನಿತ್ತು?

“ಮೊರದ ಅಂಚು ಕಟ್ಟೋಕೆ ಬರುತ್ತೆ. ಹೋದ ವಾರ ಹೆಣೆದಿದ್ರಲ್ಲಿ ಒಂದು ರಾಗಿಕಾಳೂ ಸೋರಲಿಲ್ಲ. ನಂಗೆ ನನ್ನ ಅಜ್ಜಿ ಬೇಕು. ಅದಕ್ಕೇ ಇಲ್ಲೀತನಕ ನಡ್ಕೊಂಡು ಬಂದಿದೀನಿ.”

ಒಂದೊಂದು ಮಾತಿಗೂ ಮೃಗ ಕುಗ್ತಾ ಹೋಯ್ತು. ಎತ್ತಾಯ್ತು, ಇಲಿಯಾಯ್ತು, ಸಾಸಿವೆಯಾಯ್ತು, ಇಲ್ಲವಾಯ್ತು. ಒಳಗೆ ಬೂದಿಗಣ್ಣ ಒಂದು ಹಿಡಿ ಬೂದಿಯಾಗಿ ಗಾಳಿಗೆ ಹಾರಿಹೋದ.

ಹೂವಿ ಓಡಿಹೋಗಿ ಪಂಜರ ಮುಟ್ಟಿದ್ಲು. ಅಜ್ಜಿ ಎದ್ದು ನಿಂತ್ಲು, ತುರುಬಲ್ಲಿ ಇನ್ನೂ ಒಂದು ಪುಕ್ಕ.

“ಇಷ್ಟೊತ್ತೇನೇ ಬರೋಕೆ, ಕೋತಿ!”

“ಹೆದರಿಕೆ ಆಗ್ತಿತ್ತಜ್ಜಿ.”

“ನಂಗೂ ಕಣೇ,” ಅಂತ ಅಜ್ಜಿ ಅವಳ ಕೈ ಗಟ್ಟಿಯಾಗಿ ಹಿಡ್ಕೊಂಡ್ಲು.

ಆವತ್ತಿಂದ ಬೆಳ್ಮುಗಿಲಲ್ಲಿ ಎಲ್ಲರೂ ಸುಖವಾಗಿದ್ರು. ಹೆದರಿಕೆ ಆದ ದಿನ ‘ಹೆದರಿಕೆ ಆಗ್ತಿದೆ’ ಅಂತ ಹೇಳ್ಕೊಂಡು, ಆವತ್ತೂ ಸುಖವಾಗೇ ಇದ್ರು.