ಉಸಿರಿನ ತೇಪೆ

“ಉಸಿರೆಳ್ಕೋ ಅಪ್ಪಾ! ಇನ್ನೂ... ಇನ್ನೂ! ಈಗ ಎತ್ತು!”

ಅಪ್ಪ ಎದೆಯುಬ್ಬಿಸಿ ಉಸಿರೆಳೆದ. ಬಲಗೈ ಮೊಣಕೈ ಹತ್ತಿರ ಒಂದಿಷ್ಟು ಮಡಚಿತು. ಮತ್ತೆ ತೊಡೆಯ ಮೇಲೆ ಬಿತ್ತು.

“ಬೆಳಿಗ್ಗೆ ಸೀನಿದಾಗ ಇದಕ್ಕಿಂತ ಮೇಲೆ ಹೋಗಿತ್ತು,” ಅಂದಳು ಗುಂಡುಸೂಜಿ.

“ಹಾಗಾದ್ರೆ ಮೆಣಸಿನಪುಡಿ ತಾ. ಸೀನ್ತಾ ಸೀನ್ತಾನೇ ಷರ್ಟ್ ಹೊಲಿದುಬಿಡ್ತೀನಿ!”

ಅಪ್ಪ ಟೈಲರ್. ಗುಂಡುಸೂಜಿ ಅನ್ನೋದು ಅವನೇ ಮಗಳಿಗೆ ಇಟ್ಟ ಹೆಸರು. ನೋಡೋಕೆ ಸಣ್ಣ, ಚುಚ್ಚೋದರಲ್ಲಿ ಗಟ್ಟಿಗಿತ್ತಿ.

ಕಳೆದ ವರ್ಷ ಅಪ್ಪ ಬೈಕಿನಿಂದ ಬಿದ್ದಾಗ ಕುತ್ತಿಗೆಯಿಂದ ತೋಳಿಗೆ ಬರುವ ನರಗಳು ಕಿತ್ತುಹೋಗಿದ್ದವು. ಡಾಕ್ಟರು ಪಕ್ಕೆಲುಬುಗಳ ನಡುವಿನ ಉಸಿರಾಟದ ನರಗಳನ್ನು ತಂದು ತೋಳಿನ ನರಕ್ಕೆ ಜೋಡಿಸಿದ್ದರು.

“ಅಂಗಿ ಎದುರಿಗೇ ಹರಿದ್ರೆ, ಒಳಮಡಿಕೆಯಿಂದ ಬಟ್ಟೆ ತೆಗೆದು ತೇಪೆ ಹಾಕ್ತೀನಲ್ಲ, ಹಾಗೆ,” ಅಂದಿದ್ದ ಅಪ್ಪ. ಅದಕ್ಕೇ ಈಗ ಎದೆ ಉಸಿರೆಳೆದರೆ ತೋಳಿಗೂ ಸುದ್ದಿ ಮುಟ್ಟುತ್ತಿತ್ತು. ಕೆಮ್ಮಿದರೂ ನಕ್ಕರೂ ಕೈ ತಾನಾಗಿ ಜಿಗಿಯುತ್ತಿತ್ತು. ದೇವರು ಕೊಟ್ಟ ಉಸಿರು ಎರಡೆರಡು ಕೆಲಸ ಮಾಡುತ್ತಿತ್ತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಪಕ್ಕದ ಬೀದಿಯ ಟೈಲರಕ್ಕ ಹೊಲಿಗೆ ಮೆಷಿನ್ ಒಯ್ಯಲು ಗಾಡಿ ತಂದಿದ್ದಳು. ಅಪ್ಪ ಅದನ್ನು ಅವಳಿಗೆ ಮಾರಿಬಿಟ್ಟಿದ್ದ.

ಅಕ್ಕ ಬಗ್ಗಿ ನೋಡಿದಳು. “ಅಯ್ಯೋ, ಕೆಳಗಿನ ದಾರ ಹಾಕೋ ಬಾಬಿನ್ ಕೇಸೇ ಇಲ್ವಲ್ಲ ಅಣ್ಣಾ?”

ಅಪ್ಪ ಮಗಳ ಕಡೆ ನೋಡಿದ. ಗುಂಡುಸೂಜಿ ಸ್ಕೂಲ್ ಬ್ಯಾಗನ್ನು ಎದೆಗವಚಿಕೊಂಡಳು.

“ಕೊಡಲ್ಲ! ಅಪ್ಪನ ಕೈ ಬರ್ತಿದೆ. ರಜಾ ಮುಗಿಯೋಷ್ಟರಲ್ಲಿ ಪೂರ್ತಿ ಬರುತ್ತೆ. ಆಮೇಲೆ ಯಾವುದ್ರಲ್ಲಿ ಹೊಲೀತಾನೆ?”

ಅಕ್ಕ ಸೆರಗು ಸರಿಮಾಡಿಕೊಂಡು ಹೊರಗೆ ಹೋಗಿ ನಿಂತಳು.

ಅಪ್ಪ ಎಡಗೈಯಿಂದ ಮಗಳನ್ನು ಹತ್ತಿರ ಎಳೆದುಕೊಂಡ. “ಮೊಣಕೈ ಬರುತ್ತೆ ಕಂದಾ. ಬೆರಳು ಬರಲ್ಲ.”

“ಯಾಕೆ? ಅದಕ್ಕೂ ತೇಪೆ ಹಾಕ್ಲಿ!”

“ಅಷ್ಟಕ್ಕೆ ಬಟ್ಟೆ ಸಾಲಲಿಲ್ಲ.”

ಗುಂಡುಸೂಜಿ ಅವನ ಬೆರಳುಗಳನ್ನು ನೋಡಿದಳು. ಎಷ್ಟು ಬಟನ್ ಹಚ್ಚಿದ ಬೆರಳುಗಳು! ಈಗ ಮಡಚಿಟ್ಟ ಕೈಗವಸಿನಂತೆ ಸುಮ್ಮನಿದ್ದವು. ಅವಳು ಬ್ಯಾಗಿನ ಜಿಪ್ ಎಳೆದು, ಬಾಬಿನ್ ಕೇಸನ್ನು ತಾನೇ ಹೊರಗೆ ಒಯ್ದು ಅಕ್ಕನ ಕೈಗಿಟ್ಟಳು.

ಮೆಷಿನ್ ಹೋಯಿತು. ಅದು ನಿಂತಿದ್ದ ಕಡೆ ನೆಲದಲ್ಲಿ ನಾಲ್ಕು ಗುರುತು, ಒಂದಷ್ಟು ದಾರದ ತುಂಡು.

ಅಪ್ಪ ಕಿಟಕಿಯ ಕಡೆ ತಿರುಗಿ ನಿಂತ. “ನೋಡೇ, ಮನೆ ಎಷ್ಟು ದೊಡ್ಡದಾಯ್ತು! ಇನ್ನು ನೀನು ಒಳಗೇ ಸ್ಕಿಪ್ಪಿಂಗ್ ಆಡಬಹುದು.”

ದನಿ ಯಾವಾಗಿನಂತೆಯೇ ಇತ್ತು. ಆದರೆ ಬಲಗೈ ಸ್ವಲ್ಪ ಮೇಲೆದ್ದಿತು. ಬಿತ್ತು. ಮತ್ತೆ ಎದ್ದಿತು, ಬಿತ್ತು. ಅಪ್ಪ ಸೀನಿರಲಿಲ್ಲ, ಕೆಮ್ಮಿರಲಿಲ್ಲ. ನಗುತ್ತಲೂ ಇರಲಿಲ್ಲ.

‘ಎತ್ತು’ ಅಂತ ಗುಂಡುಸೂಜಿ ಹೇಳಲಿಲ್ಲ. ಮೆಲ್ಲಗೆ ಹಿಂದಿನಿಂದ ಹೋಗಿ ಆ ಕೈಯ ಕೆಳಗೆ ತನ್ನ ಅಂಗೈ ಒಡ್ಡಿದಳು. ಅದು ಎದ್ದಾಗ ಎದ್ದು, ಇಳಿದಾಗ ಇಳಿದು, ಅಪ್ಪನ ಉಸಿರು ತಿಳಿಯಾಗುವ ತನಕ ಹಾಗೇ ನಿಂತಿದ್ದಳು. ಅವನ ಮುಖ ಮಾತ್ರ ನೋಡಲಿಲ್ಲ.