ಅಣ್ಣನ ದನಿ, ಹಳದಿ ಜಾಕೆಟ್ಟು

ಮಾತು ಆಡಿದರೆ ಹೋಯಿತು, ಟ್ಯೂಬು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದಾರೆ. ಇಲ್ಲ, ಬೇರೇನೋ ಹೇಳಿದ್ದರು ಎನ್ನುತ್ತೀರಾ? ಹಾಗಾದರೆ ಆ ಹಿರಿಯರು ಗುಡ್ಡದ ಮೇಲೆ ಸೈಕಲ್ ತುಳಿದವರಲ್ಲ. ಈ ಕಥೆ ಮಾತ್ರ ಅಪ್ಪಟ ನಿಜ. ಎಲ್ಲೂ ಪಂಪು ಹಾಕಿ ಗಾಳಿ ತುಂಬಿಲ್ಲ.

ಹಲ್ಲಿನ ಡಾಕ್ಟರಮ್ಮನದು ಇಡೀ ದಿನ ಕಂಡಕಂಡವರ ಬಾಯಿ ಬಿಡಿಸುವ ಕೆಲಸ. ಡ್ರಾಯಿಂಗ್ ಮೇಷ್ಟ್ರ ಬಾಯಿ ಮಾತ್ರ ಅವಳಿಂದ ಬಿಡಿಸಲಾಗಿರಲಿಲ್ಲ. ಪ್ರತಿ ಭಾನುವಾರ ಅವಳ ಜೊತೆ, ಅವಳ ಅಣ್ಣನ ಜೊತೆ, ಕಾಡಿನ ಕಡಿದಾದ ಹಾದಿಯಲ್ಲಿ ಸೈಕಲ್ ತುಳಿಯುತ್ತಿದ್ದ. ತುದಿಯ ಬಂಡೆ ತಲುಪಿ ಕಣಿವೆ ನೋಡುತ್ತಿದ್ದ. ಅವಳನ್ನು ಕದ್ದು ನೋಡುತ್ತಿದ್ದ. ಸಿಕ್ಕಿಬಿದ್ದರೆ ತಕ್ಷಣ ಟೈರು ಒತ್ತಿ ನೋಡುತ್ತಿದ್ದ. ಅಷ್ಟೇ.

ಈಗ ಬೇರೆ ಊರಿನ ಆಸ್ಪತ್ರೆ ಅವಳನ್ನು ಕೆಲಸಕ್ಕೆ ಕರೆದಿತ್ತು. ಮರುದಿನವೇ ಉತ್ತರ ಹೇಳಬೇಕು. ಅದಕ್ಕೆ ಮೊದಲು ಅವಳಿಗೆ ಒಂದೇ ಒಂದು ಸಂಗತಿ ತಿಳಿಯಬೇಕಿತ್ತು: ತಾನು ಹೋದರೆ ಈ ಮನುಷ್ಯನಿಗೆ ಏನಾದರೂ ಅನ್ನಿಸುತ್ತದೆಯೇ?

ನೇರವಾಗಿ ಕೇಳಬಹುದಿತ್ತು. ಆದರೆ ಊರವರೆಲ್ಲರ ದನಿಯನ್ನು ಥೇಟು ಅವರಂತೆಯೇ ಅನುಕರಿಸುವ ಅವಳ ಗಂಟಲಿಗೆ ಇಂಥ ಹೊತ್ತಿನಲ್ಲಿ ತನ್ನದೇ ದನಿ ಸಿಗುತ್ತಿರಲಿಲ್ಲ.

ಅಂದು ಬೆಳಿಗ್ಗೆ ದಟ್ಟ ಮಂಜು. ಬಸ್ ಡಿಪೋ ಮ್ಯಾನೇಜರ್ ಆದ ಅಣ್ಣನನ್ನು ತಡವಾಗಿ ಹಿಂದಿನಿಂದ ಬಾ ಎಂದು ಪುಸಲಾಯಿಸಿ, ಅವನ ಹಳದಿ ಜಾಕೆಟ್ಟು ತೊಟ್ಟು, ಅವನದೇ ಸೈಕಲ್ ಹತ್ತಿ ಮುಂದೆ ಹೊರಟಳು. ಮಂಜಿನೊಳಗಿಂದ ಅಣ್ಣನ ಒರಟು ಗಂಟಲು ಗುಡುಗಿತು:

"ಮೇಷ್ಟ್ರೇ, ನನ್ನ ಹಿಂದೆ ಬನ್ನಿ! ಅವಳು ಆಮೇಲೆ ಬರ್ತಾಳೆ, ಇನ್ನೂ ತಲೆ ಬಾಚ್ತಾ ಇದಾಳೆ!"

ಅವರ ಸವಾರಿಗೆ ಒಂದು ಕಟ್ಟಳೆಯಿತ್ತು. ಮುಂದಿನವರು ದಾರಿಯಲ್ಲಿ ಕಂಡದ್ದನ್ನು ಕೂಗಬೇಕು, ಹಿಂದಿನವರು ಅದನ್ನೇ ಮರುಕೂಗಬೇಕು.

"ಬೇರು!"

"ಬೇರು!"

"ಎಡಕ್ಕೆ ತಿರುವು!"

"ಎಡಕ್ಕೆ ತಿರುವು!"

ಪ್ರತಿ ತಿರುವಿನಲ್ಲೂ ಅವಳು ಒಂದು ಕಾಲೂರಿ ನಿಂತು, ಹಿಂದಿನ ಚೈನಿನ ಸದ್ದು ಹತ್ತಿರವಾದ ಮೇಲೆ ಮತ್ತೆ ತುಳಿದಳು.

ಏರು ತೀರ ಕಡಿದಾದಲ್ಲಿ ಇಬ್ಬರೂ ಇಳಿದು ಸೈಕಲ್ ತಳ್ಳತೊಡಗಿದರು.

"ಅಲ್ಲಾ ಮೇಷ್ಟ್ರೇ," ಎಂದಿತು ಅಣ್ಣನ ದನಿ, "ನನ್ನ ತಂಗಿ ಆಸೆಪಟ್ಟ ಕೆಲಸ ಸಿಕ್ತು ಅಂತ ಊರು ಬಿಟ್ಟು ಹೋಗ್ತಾಳಂತೆ. ನಿಮಗೇನನ್ಸುತ್ತೆ?"

ಎಲೆಗಳಿಂದ ಹನಿ ತೊಟ್ಟಿಕ್ಕುವ ಸದ್ದು. ಆಮೇಲೆ:

"ನನಗೆ ಸೈಕಲ್ ಅಂದ್ರೆ ಭಯ, ಸರ್."

"ಆಂ?"

"ಇಳಿಜಾರು ನೋಡಿದ್ರೆ ಕೈಕಾಲು ತಣ್ಣಗಾಗುತ್ತೆ. ಆದ್ರೂ ಒಂದು ಭಾನುವಾರ ತಪ್ಪಿಸಿಲ್ಲ. ಗುಡ್ಡ ನೋಡೋಕೆ ಬರ್ತೀನಿ ಅಂದ್ಕೊಂಡ್ರಾ?"

ಅವಳ ಕಾಲು ಜಾರಿತು. ಅಣ್ಣನ ದನಿಯನ್ನು ತಡಕಾಡಿ ಹುಡುಕಿಕೊಂಡಳು. "ಮತ್ತೆ ಹೋಗ್ಬೇಡ ಅಂತ ಅವಳಿಗೆ ಹೇಳ್ಬಾರ್ದಾ?"

"ಹೇಗೆ ಹೇಳ್ಲಿ? ಅವರು ಆಸೆಪಟ್ಟ ಕೆಲಸ. ಆದ್ರೆ ಆ ಊರಲ್ಲೂ ಮಕ್ಕಳಿರ್ತಾರೆ, ಗೋಡೆ ಮೇಲೆ ಗೀಚ್ತಾ ಇರ್ತಾರೆ. ಅಲ್ಲೂ ಒಬ್ಬ ಡ್ರಾಯಿಂಗ್ ಮೇಷ್ಟ್ರು ಬೇಕಲ್ವಾ? ಅವರು ಒಂದು ಸಲ ಕರೆದ್ರೆ ಸಾಕು."

ಮುಂದೆ ಬೇರೂ ಬಂತು, ಕಲ್ಲೂ ಬಂತು. ಜಾಕೆಟ್ಟಿನೊಳಗಿನಿಂದ ಕೂಗು ಮಾತ್ರ ಬರಲಿಲ್ಲ.

ಬಂಡೆ ತಲುಪುವಾಗ ಮಂಜು ಸರಿದು, ಕಣಿವೆಯಲ್ಲಿ ತೊಳೆದಿಟ್ಟ ಹಾಗೆ ಬಿಸಿಲು ಬಿದ್ದಿತ್ತು. ಅವಳು ಬೆನ್ನು ತಿರುಗಿಸಿ ಕೂತಳು. ಅವನು ಪಕ್ಕದಲ್ಲಿ ಕೂತು ನೀರಿನ ಬಾಟಲಿ ಚಾಚಿದ.

"ತಗೊಳ್ಳಿ ಡಾಕ್ಟ್ರೇ. ಅಷ್ಟು ದಪ್ಪ ದನಿ ಎಳೆದು ಗಂಟಲು ಒಣಗಿರುತ್ತೆ."

ಅವಳ ಕಿವಿ ಕೆಂಪಾಯಿತು. "ಯಾವಾಗ ಗೊತ್ತಾಯ್ತು?"

"ಮೊದಲನೇ ತಿರುವಲ್ಲೇ. ದನಿಯೇನೋ ಥೇಟು ನಿಮ್ಮಣ್ಣಂದೇ. ಆದ್ರೆ ನಿಮ್ಮಣ್ಣ ಯಾವತ್ತಾದ್ರೂ ಯಾರಿಗಾದ್ರೂ ಕಾದಿದ್ದಾರಾ? ಬೇರು ಅಂತ ಅವರು ಕೂಗೋದು ಅದರ ಮೇಲೆ ಬಿದ್ದಾದ ಮೇಲೆ!"

"ಅಂದ್ರೆ ನೀವು ಹೇಳಿದ್ದೆಲ್ಲಾ..."

"ನಿಮಗೇ ಹೇಳಿದ್ದು. ಮುಖ ಕಾಣ್ತಿರ್ಲಿಲ್ಲ ನೋಡಿ, ಧೈರ್ಯ ಬಂತು. ಈಗ ನಿಮ್ಮ ಸರದಿ. ಸ್ವಂತ ದನಿಯಲ್ಲಿ."

ಅವಳು ಬಾಯಿ ತೆರೆದಳು. ಊರವರ ದನಿಗಳೆಲ್ಲ ತುಟಿಯ ಬಾಗಿಲವರೆಗೆ ಬಂದು ಹಿಂದಿರುಗಿದವು.

"ಬನ್ನಿ," ಎಂದಳು. ಯಾರನ್ನೂ ಹೋಲದ ಸಣ್ಣ ದನಿ. ಅಷ್ಟು ಹೇಳುವುದರೊಳಗೇ ಒಡೆಯಿತು.

ಅವನು ಈ ಸಲ ಟೈರು ಮುಟ್ಟಲಿಲ್ಲ. ಅವಳ ಕೈ ಹಿಡಿದ.

ಆಗ ಕೆಳಗೆಲ್ಲೋ ಧೊಪ್ಪೆಂದು ಸದ್ದಾಯಿತು. ಹಿಂದೆಯೇ ಅಸಲಿ ಅಣ್ಣನ ಅಸಲಿ ಗುಡುಗು:

"ಬೇರು!"

ಮೇಷ್ಟ್ರು ತುಟಿ ಬಿಗಿಹಿಡಿದು ತಡೆದುಕೊಂಡ. ಟೋಪಿ ಹಾಕಲು ಹೋಗಿ ತಾನೇ ಹಾಕಿಸಿಕೊಂಡವಳಿಗೆ ತಡೆಯಲಾಗಲಿಲ್ಲ. ಹಳದಿ ಜಾಕೆಟ್ಟು ಕುಣಿಯುವಂತೆ, ಕಣ್ಣಲ್ಲಿ ನೀರು ಬರುವಂತೆ, ಎಲ್ಲ ಹಲ್ಲೂ ಕಾಣುವಂತೆ ನಕ್ಕಳು. ಎದುರಿನ ಗುಡ್ಡ ಕಟ್ಟಳೆ ಮುರಿಯದೆ ಆ ನಗುವನ್ನೇ ಮರುಕೂಗಿತು.