ತಲೆಗೆ ಸ್ಟೆಪ್ನಿ ಇರಲ್ಲ

"ಯಾರ್ರೀ ನನ್ನ ಕಾರಿನ ಡಿಕ್ಕಿ ಮುಟ್ಟಿದ್ದು?"

ಗ್ಯಾರೇಜಿನಲ್ಲಿ ಸುತ್ತಿಗೆ, ರೇಡಿಯೋ, ಮಾತು ಎಲ್ಲವೂ ಒಟ್ಟಿಗೆ ನಿಂತವು. ವ್ಯಾನೊಂದರ ಅಡಿಯಿಂದ ಎರಡು ಕಾಲು ಹೊರಬಂದವು, ಆಮೇಲೆ ಗ್ರೀಸು ಮೆತ್ತಿದ ಮುಖ.

"ನಾನೇ. ಯಾಕೆ ಮೇಡಂ, ಏನಾಯ್ತು?"

"ಏನಾಯ್ತಾ? ಬ್ರೇಕ್ ರಿಪೇರಿ ಮಾಡ್ರಿ ಅಂದ್ರೆ ಡಿಕ್ಕಿ ಯಾಕ್ರೀ ಕೆದಕಿದ್ರಿ?"

"ಸ್ಟೆಪ್ನೀಲಿ ಗಾಳಿ ಇದೆಯಾ ನೋಡೋಕೆ ಚೀಲ ಎಲ್ಲ ಇಳಿಸ್ದೆ. ಆಮೇಲೆ ಧೂಳು ಒರೆಸಿ ನೀಟಾಗಿ ಜೋಡಿಸ್ದೆ. ದೊಡ್ಡದು ಕೆಳಗೆ, ಚಿಕ್ಕದು ಮೇಲೆ..."

ಹೊಗಳುತ್ತಾಳೇನೋ ಎಂದು ಪಾಪ, ಅವನು ನಕ್ಕ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು!

ಅವಳು ಮನೆಮನೆಗೆ ಹೋಗಿ ಆರೈಕೆ ಮಾಡುವ ನರ್ಸ್. ಬರೀ ಇಂಜೆಕ್ಷನ್ ಚುಚ್ಚಿ ಬರುವವಳಲ್ಲ. ಯಾವ ರೋಗಿಗೆ ಏನು ಬೇಕು, ಡಾಕ್ಟರಿಗೆ ಯಾವಾಗ ಹೇಳಬೇಕು, ಮನೆಯವರು ಏನು ಮಾಡಬೇಕು... ಎಲ್ಲ ಜವಾಬ್ದಾರಿಯೂ ಅವಳದೇ. ರೋಗಿಗಳು ಹಿಂದಿನಿಂದ ಅವಳನ್ನು 'ಮೆಣಸಿನಕಾಯಿ ಸಿಸ್ಟರ್' ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಕಾರೇ ಅವಳ ಆಫೀಸು. ಮುಂದಿನ ಸೀಟಿನಲ್ಲಿ ಫೈಲುಗಳ ಡಬ್ಬ ಬೆಲ್ಟ್ ಹಾಕಿಸಿಕೊಂಡು ದೊರೆಯ ಹಾಗೆ ಕೂತಿರುತ್ತಿತ್ತು. ಬೇರೆ ಯಾರಿಗೂ ಅಲ್ಲಿ ಜಾಗವಿಲ್ಲ. ಡಿಕ್ಕಿಯಲ್ಲಿ ಮನೆಗೊಂದರಂತೆ ಬೂದುಬಣ್ಣದ ಚೀಲಗಳು, ಎಲ್ಲವೂ ನರ್ಸುಗಳನ್ನು ಕಳಿಸುವ ಮುಖ್ಯ ಆಫೀಸು ಕೊಟ್ಟ ಒಂದೇ ಥರದವು. ಯಾರ ಮನೆಯ ಕಾಯಿಲೆಯೂ ದಾರಿಹೋಕರಿಗೆ ಕಾಣಬಾರದೆಂದು ಹೆಸರು ಬರೆಯುವಂತಿರಲಿಲ್ಲ. ಅವುಗಳಿಗೆ ಜಾಗವೇ ಹೆಸರು. ಮೊದಲ ಮನೆಯ ಚೀಲ ಬಾಗಿಲ ಬಳಿ, ಕೊನೆಯದು ಒಳಗೆ. ಅವಳು ನೋಡದೆಯೇ ಕೈ ಹಾಕಿ ತೆಗೆಯುತ್ತಿದ್ದಳು.

ಇವತ್ತೂ ಹಾಗೆಯೇ ತೆಗೆದಿದ್ದಳು...

"ಮೂರನೇ ಮಹಡಿ ರೀ! ಲಿಫ್ಟಿಲ್ಲ!" ಅವಳು ಬೆರಳು ಮೇಲೆತ್ತಿ ತೋರಿಸಿದಳು. "ಪೋಸ್ಟ್‌ಮಾಸ್ತರ್ ಅಜ್ಜನ ಕಾಲಿನ ಪಟ್ಟಿ ಬಿಚ್ಚಿ ಚೀಲ ತೆಗೀತೀನಿ, ಒಳಗೆ ಯಾವುದೋ ಮಗುವಿನ ಹಾಲಿನ ನಳಿಕೆ! ಗಾಯ ತೆರೆದಿಟ್ಟು ನಾನು ಬೀದಿಗೆ ಓಡಿಬಂದು ಡಿಕ್ಕಿ ಜಾಲಾಡ್ಬೇಕಾಯ್ತು. ಸಕ್ಕರೆ ಕಾಯಿಲೆಯವರು ಅವರು. ಗಾಯ ಕೆಟ್ರೆ ಪಾದವೇ ಹೋಗತ್ತೆ, ಗೊತ್ತಾ ನಿಮಗೆ?"

ಅವನ ನಗು ಇಂಗಿತು. "ತಪ್ಪಾಯ್ತು ಮೇಡಂ. ನಿಜವಾಗ್ಲೂ."

ಅವಳು ಅಷ್ಟಕ್ಕೆ ಬಿಡಲಿಲ್ಲ. ಅವನನ್ನು ಡಿಕ್ಕಿಯ ಮುಂದೆ ನಿಲ್ಲಿಸಿ ಒಂದೊಂದೇ ಚೀಲ ಎತ್ತಿದಳು. ಚೀಲಕ್ಕೊಂದು ಬೈಗುಳ!

"ಇದು ಅಜ್ಜಂದು, ಎಡಗಡೆ ಬಾಗಿಲ ಹತ್ರ! ಕಣ್ಣಿದೆಯಾ? ಇದು ಹಾಸಿಗೆ ಹಿಡಿದ ಟೀಚರ್‌ದು, ಅದರ ಹಿಂದೆ! ಇದು ಮಗುವಿಂದು, ಒಳಗೆ ಮೂಲೇಲಿ! ಮುಚ್ಚಳದ ಬಕೆಟ್ ಬಲಗಡೆ, ಬಳಸಿದ್ದು ಮಾತ್ರ ಅದ್ರೊಳಗೆ! ತಲೆಗೆ ಹೋಯ್ತಾ?"

"ಹೋಯ್ತು." ಅವನು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. "ಒಂದು ಮಾತು ಮೇಡಂ... ಇದು ಬೇರೆ ಯಾರಿಗಾದ್ರೂ ಗೊತ್ತಾ?"

"ಯಾಕೆ ಗೊತ್ತಿರ್ಬೇಕು? ನನ್ನ ತಲೇಲಿದೆ!"

"ಕಾರಿಗಾದ್ರೆ ಸ್ಟೆಪ್ನಿ ಇರತ್ತೆ. ತಲೆಗೆ ಸ್ಟೆಪ್ನಿ ಇರಲ್ಲ."

ಅವಳು ಬಾಗಿಲು ಬಡಿದ ರಭಸಕ್ಕೆ, ಬ್ರೇಕಿನ ಜೊತೆ ಅವನೇ ಕೂರಿಸಿಕೊಟ್ಟಿದ್ದ ಪಕ್ಕದ ಕನ್ನಡಿ ಮತ್ತೆ ಸಡಿಲವಾಯಿತು.

ಕನ್ನಡಿಗಾಗಿ ಮತ್ತೆ ಬರಬೇಕಾಯಿತು. ಆಮೇಲೆ ಹಾರ್ನ್. ಆಮೇಲೆ ಏನೂ ಕೆಟ್ಟಿರದಿದ್ದರೂ 'ಏನೋ ಸದ್ದು ಬರ್ತಿದೆ' ಎಂದು ಬಂದಳು. ಬಂದಾಗಲೆಲ್ಲ ಜಗಳ. ಅವನು ಮಾತ್ರ ಅವಳ ಚೀಲಗಳನ್ನು ಇಳಿಸಿದರೂ ಕೂದಲೆಳೆಯಷ್ಟೂ ತಪ್ಪದೆ ಅದದೇ ಜಾಗದಲ್ಲಿಡುತ್ತಿದ್ದ.

"ಊರೆಲ್ಲ ನನ್ನನ್ನ ಸಿಸ್ಟರ್ ಅನ್ನತ್ತೆ. ನೀವ್ಯಾಕೆ ಮೇಡಂ ಅನ್ನೋದು?" ಎಂದು ಒಮ್ಮೆ ಗದರಿದಳು.

"ಏನು ಬೇಕಾದ್ರೂ ಕರೀತೀನಿ," ಅವನು ಸ್ಪ್ಯಾನರ್ ಒರೆಸುತ್ತ ತಲೆ ತಗ್ಗಿಸಿದ. "ಸಿಸ್ಟರ್ ಅಂತ ಮಾತ್ರ ನನ್ನ ಕೈಲಾಗಲ್ಲ."

ಅವತ್ತು ದಾರಿಯುದ್ದಕ್ಕೂ ಅವಳಿಗೆ ಕೋಪ ಬರಿಸಿಕೊಳ್ಳಲು ಕಷ್ಟವಾಯಿತು. ಛೇ! ಇದೇನಾಗ್ತಿದೆ ನನಗೆ?

ಆದರೆ ಮರುವಾರವೇ ಆಫೀಸಿನ ಮೇಲಧಿಕಾರಿಣಿ ಕರೆದರು. "ಯಾರೋ ಫೋನ್ ಮಾಡಿದ್ರಮ್ಮ. ನೀನು ಒಬ್ಬಳೇ ಒದ್ದಾಡ್ತಿದ್ದೀಯಂತೆ, ಅರ್ಧದಷ್ಟು ಮನೆಗಳನ್ನ ಬೇರೆ ನರ್ಸಿಗೆ ಕೊಡಿ ಅಂದ್ರು. ಯೋಚನೆ ಮಾಡ್ತಿದ್ದೀವಿ."

ಯಾರೋ ಅಂತೆ, ಯಾರೋ! ಅವಳ ಕಿವಿಯಲ್ಲಿ ಒಂದೇ ಮಾತು ಮೊಳಗಿತು. ತಲೆಗೆ ಸ್ಟೆಪ್ನಿ ಇರಲ್ಲ...

ಕಾರು ನೇರ ಗ್ಯಾರೇಜಿಗೆ ಹೋಯಿತು.

"ನಂಬಿದ್ದೆ ನಿಮ್ಮನ್ನ!" ಕಣ್ಣೀರು ಬಂದದ್ದಕ್ಕೂ ಅವಳಿಗೆ ಸಿಟ್ಟು. "ಬೆನ್ನ ಹಿಂದೆ ಚಾಡಿ ಹೇಳ್ತೀರಾ? ಆ ಮನೆಗಳು ಬಿಟ್ರೆ ನನಗೇನಿದೆ ರೀ? ಅಜ್ಜನ ಗಾಯ ಈಗಷ್ಟೇ ಮಾಗ್ತಿದೆ. ಅದನ್ನ ಬೇರೆಯವರ ಕೈಗೆ ಕೊಡ್ಬೇಕಾ ನಾನು?"

ಅವನು ಅವಳನ್ನೇ ನೋಡಿದ. "ನಾನಲ್ಲ ಅಂದ್ರೆ ನಂಬ್ತೀರಾ?"

"ಇಲ್ಲ!"

"ಮತ್ಯಾಕೆ ಹೇಳ್ಲಿ?" ಅವನ ದನಿಯೂ ಬಿಸಿಯಾಗಿತ್ತು. "ಹೋಗಿ ಮೇಡಂ. ಬೇರೆ ಗ್ಯಾರೇಜ್ ಬೇಕಾದಷ್ಟಿವೆ."

ಸಿಟ್ಟಿನ ಕೈಗೆ ಬುದ್ಧಿ ಕೊಟ್ಟರೆ ಏನಾಗುತ್ತದೋ ಅದೇ ಆಯಿತು. ಮರುದಿನ ಅಜ್ಜನ ಮನೆಯ ಮೆಟ್ಟಿಲು ಹತ್ತುವಾಗಲೂ ಅವಳು ಮನಸ್ಸಿನಲ್ಲೇ ಅವನೊಂದಿಗೆ ಜಗಳವಾಡುತ್ತಿದ್ದಳು. 'ಹೋಗಿ ಅಂತಾನೆ! ನನ್ನನ್ನ!' ಮೆಟ್ಟಿಲು ತಪ್ಪಿತು. ಮಣಿಕಟ್ಟು ಮುರಿಯಿತು.

ನೆರೆಮನೆಯವರು ಅವಳನ್ನು ಆಸ್ಪತ್ರೆಗೆ ಒಯ್ದರು. ಅವಳ ಕೈಯಿಂದ ಬಿದ್ದ ಫೋನು, ಬೀಗದ ಕೈ, ಮೊದಲ ಚೀಲ ಎಲ್ಲವನ್ನೂ ಅಜ್ಜನ ಮನೆಯಲ್ಲಿಟ್ಟರು. ಕೈಗೆ ಪ್ಲಾಸ್ಟರ್ ಸುತ್ತುವಾಗ ನೋವಿಗಿಂತ ಅವಳನ್ನು ಸುಟ್ಟದ್ದು ಬೇರೆಯೇ. ಹೊಸ ನರ್ಸ್ ಬರುತ್ತಾಳೆ. ಡಿಕ್ಕಿ ತೆಗೆಯುತ್ತಾಳೆ. ಒಂದೇ ಥರದ ಚೀಲಗಳು! ಯಾವುದು ಯಾರದು? ಯಾರಿಗೂ ಗೊತ್ತಿಲ್ಲ... ನಾನು ಯಾರಿಗೂ ಹೇಳಿಲ್ಲ!

ಹೊರಬಂದವಳೇ, ಸುದ್ದಿ ಕೇಳಿ ಓಡಿಬಂದಿದ್ದ ಅಕ್ಕನ ಫೋನ್ ಕಸಿದುಕೊಂಡು, ಅಜ್ಜನ ಮನೆಯಲ್ಲಿದ್ದ ತನ್ನ ನಂಬರಿಗೇ ಕರೆ ಮಾಡಿದಳು.

"ಅಜ್ಜಾ! ಪಟ್ಟಿ? ಕಾಲು?"

"ಎಲ್ಲ ಆಯ್ತು ಕಣಮ್ಮ. ಕಿಟಕಿಯಿಂದ ನೋಡಿದ್ರೆ ಹೊಸ ಹುಡುಗಿ ಡಿಕ್ಕಿ ಮುಂದೆ ಅಳ್ತಾ ನಿಂತಿದ್ಲು. ನಿನ್ನ ಕಾರಿನ ಗಾಜಿನ ಮೇಲೆ ಗ್ಯಾರೇಜಿನ ನಂಬರ್ ಇತ್ತಲ್ಲ, ಅದನ್ನ ಅವಳ ಕೈಲಿ ಓದಿಸಿ, ನೀನು ದಿನಾ ಬೈತಿದ್ದ ಆ ಮೆಕ್ಯಾನಿಕ್‌ನ ಕರೆಸ್ದೆ. ಅವನು ಚೀಲಗಳನ್ನ ನೋಡ್ತಾ ಮೂರನೇ ಮಹಡಿಗೂ ಕೇಳೋ ಹಾಗೆ ನಿನ್ನ ಬೈಗುಳ ಒಪ್ಪಿಸ್ದ! 'ಕಣ್ಣಿದೆಯಾ, ಇದು ಅಜ್ಜಂದು' ಅಂತ ಶುರು ಮಾಡಿ, ಬಕೆಟ್‌ವರೆಗೂ. ಈಗ ಅವಳ ಜೊತೆ ಮಿಕ್ಕ ಮನೆಗೆ ಹೋಗಿದ್ದಾನೆ."

ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಇನ್ನೊಂದು ವಿಷ್ಯ, ಬೈಬೇಡ," ಅಜ್ಜ ಗಂಟಲು ಸರಿಮಾಡಿಕೊಂಡರು. "ಆಫೀಸಿಗೆ ಫೋನ್ ಮಾಡಿದ್ದು ನಾನು. ನೀನು ಮೆಟ್ಟಿಲಲ್ಲಿ ಕೂತು ಬಿಸ್ಕತ್ ನುಂಗಿ ಓಡ್ತಿದ್ದೆಯಲ್ಲ, ನೋಡೋಕಾಗ್ಲಿಲ್ಲ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ.

ಸಂಜೆ ಅವನು ಕಾರು ತಂದು ಅವಳ ಮನೆಯ ಮುಂದೆ ನಿಲ್ಲಿಸಿದ. ಬೀಗದ ಕೈ ಕೊಟ್ಟು ಹೊರಡಲು ತಿರುಗಿದ.

"ನಿಲ್ರಿ! ನೀವಲ್ಲ ಅಂತ ಯಾಕ್ರೀ ಗಟ್ಟಿಯಾಗಿ ಹೇಳ್ಲಿಲ್ಲ?"

"ನಂಬಲ್ಲ ಅಂದ್ರಲ್ಲ."

"ನಾನು ಅಂದ್ರೆ ಆಗ್ಹೋಯ್ತಾ? ನಾನು ಏನೇನೋ ಅಂತೀನಿ!" ಅವಳು ಅವನ ದಾರಿಗೆ ಅಡ್ಡ ನಿಂತಳು. "ಎಲ್ಲದಕ್ಕೂ ಒಂದು ಜಾಗ ಮಾಡ್ಕೊಂಡು ಬದುಕ್ತಿರೋಳು ನಾನು. ನಿಮ್ಮನ್ನ ಎಲ್ಲಿಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ! ಕೆಲಸದಲ್ಲೂ ನೆನಪಿಗೆ ಬರ್ತೀರಾ, ಊಟದಲ್ಲೂ ಬರ್ತೀರಾ... ಅದಕ್ಕೇ ಸಿಟ್ಟು! ತಪ್ಪಾಯ್ತು. ಇಷ್ಟ ನೀವು ನನಗೆ. ಸಾಕಾ?"

ಇಷ್ಟು ಕೋಪದಲ್ಲಿ ಯಾರೂ ಪ್ರೀತಿ ಹೇಳಿರಲಾರರು. ಅವನ ಮುಖ ನಿಧಾನವಾಗಿ ಅರಳಿತು.

"ನನಗೆ ಅವತ್ತೇ ಇಷ್ಟ ಆಗಿತ್ತು ಮೇಡಂ. ಅಜ್ಜನ ಕಾಲಿಗೋಸ್ಕರ ಅಷ್ಟು ಬೈದ್ರಲ್ಲ, ಒಂದಕ್ಷರ ಮರೆತಿಲ್ಲ."

ಅವಳು ಅಳುತ್ತಲೇ ನಕ್ಕುಬಿಟ್ಟಳು.

"ನಾಳೆಯಿಂದ ಮನೆಗಳಿಗೆ ಹೋಗ್ಬೇಕು. ಹೊಸ ಹುಡುಗಿಗೆ ಎಲ್ಲ ಕಲಿಸ್ಬೇಕು," ಎಂದು ಮೂಗು ಒರೆಸಿಕೊಂಡಳು. "ಕಾರು ಓಡಿಸೋಕೆ ಕೈಯಿಲ್ಲ..."

"ನಾನು ಓಡಿಸ್ತೀನಿ. ಆದ್ರೆ ನೀವು ಎಲ್ಲಿ ಕೂರ್ತೀರಾ? ಮುಂದೆ ದೊರೆ ಇದ್ದಾರಲ್ಲ?"

ಅವಳು ಬಾಗಿಲು ತೆಗೆದಳು. ಒಂದೇ ಕೈಯಲ್ಲಿ ಬೆಲ್ಟ್ ಬಿಚ್ಚಿ, ಫೈಲುಗಳ ಡಬ್ಬವನ್ನು ಹಿಂದಿನ ಸೀಟಿಗೆ ದೂಡಿದಳು.

"ಕೈ ವಾಸಿಯಾದ್ಮೇಲೆ ಅದು ವಾಪಸ್ ಇಲ್ಲಿಗೇ ಬರತ್ತಾ?" ಅವನು ಮೆಲ್ಲಗೆ ಕೇಳಿದ.

"ಬರಲ್ಲ. ಆಗ ನಾನು ಓಡಿಸ್ತೀನಿ, ಇಲ್ಲಿ ನೀವು ಕೂರ್ಬೇಕು," ಎಂದಳು. ಆಮೇಲೆ ಹುಬ್ಬು ಗಂಟಿಕ್ಕಿದಳು. "ಜಾಗ ಬದಲಾಯಿಸಿದ್ರೆ ನೋಡಿ ಮತ್ತೆ!"

"ಇಲ್ಲ ಮೇಡಂ. ಇನ್ನು ಇದೇ ನನ್ನ ಜಾಗ."